ನಾಯಿಗೆ ಕಣ್ಣಿನ ಪೊರೆ ಆಪರೇಷನ್ ಮಾಡಿಸಿದವರು ಇದ್ದೀರಾ? ಮುಂಚೆ, ಆಮೇಲೆ ಏನೇನಿರುತ್ತದೆ ಹೇಳಿ

ಚಿನ್ನಿ_ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮೈಸೂರಿನ ಸರಸ್ವತಿಪುರಂನಲ್ಲಿ. ನಮ್ಮ ಚಿನ್ನಿಗೆ ಈಗ 9 ವರ್ಷ, ಬಿಳಿ ಪಾಮೇರಿಯನ್. ಹೋದ ಮಳೆಗಾಲದಲ್ಲಿ ಇದ್ದಕ್ಕಿದ್ದ ಹಾಗೆ ಬಟ್ಟಲುಗಟ್ಟಲೆ ನೀರು ಕುಡಿಯುವುದಕ್ಕೆ ಶುರು ಮಾಡಿದಳು, ರಾತ್ರಿ ಮನೆಯೊಳಗೇ ಉಚ್ಚೆ ಹೊಯ್ಯುತ್ತಿದ್ದಳು, ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಕಾಯಿಲೆ. ಅವತ್ತಿನಿಂದ ದಿನಕ್ಕೆ 2 ಸಲ ಇನ್ಸುಲಿನ್. ಸಕ್ಕರೆ ಹತೋಟಿಗೆ ಬಂತಲ್ಲ ಅಂತ ಸಮಾಧಾನ ಪಡುವಷ್ಟರಲ್ಲಿ ಕಣ್ಣು ಬೆಳ್ಳಗಾಯಿತು. ಮೊದಲು ಎಡಗಣ್ಣು, ಮೂರೇ ವಾರಕ್ಕೆ ಬಲಗಣ್ಣೂ. ಈಗ ಎರಡೂ ಪಾಪೆ ಹಾಲು ತುಂಬಿದ ಹಾಗೆ ಕಾಣುತ್ತವೆ.

ಮನೆಯ ಮೂಲೆ ಮೂಲೆಯೂ ಅವಳಿಗೆ ಬಾಯಿಪಾಠ. ಅದಕ್ಕೇ ಎಷ್ಟು ಕಾಣುತ್ತಿಲ್ಲ ಅನ್ನುವುದು ನಮಗೂ ಗೊತ್ತಾಗಿರಲಿಲ್ಲ. ಮೊನ್ನೆ ಅಕ್ಕಿ ಮೂಟೆ ಬಂದಿತ್ತು, ನಡುಮನೆ ಬಾಗಿಲ ಪಕ್ಕ ಇಳಿಸಿದ್ದೆವು. ನನ್ನ ಸ್ಕೂಟರ್ ಸದ್ದು ಕೇಳಿ ಎಂದಿನ ಹಾಗೆ ಓಡಿ ಬಂದವಳು ಮೂಟೆಗೆ ಮುಖ ಗುದ್ದಿಕೊಂಡಳು. ಆಮೇಲೆ ಅಲ್ಲೇ ಕೂತುಬಿಟ್ಟಳು. ಅರ್ಧ ಗಂಟೆ ಏಳಲಿಲ್ಲ.

ಇಲ್ಲಿನ ನಮ್ಮ ಡಾಕ್ಟರು ಬೆಂಗಳೂರಿಗೆ ಹೋಗಿ ಪ್ರಾಣಿಗಳ ಕಣ್ಣಿನ ತಜ್ಞರಿಗೆ ತೋರಿಸಿ, ತಡ ಮಾಡಬೇಡಿ ಅಂದಿದ್ದಾರೆ. ಎರಡು ವಾರ ಬಿಟ್ಟು ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ನಮ್ಮ ಅತ್ತೆಗೆ ಹೋದ ವರ್ಷ ಪೊರೆ ಆಪರೇಷನ್ ಆಯಿತು, ಅರ್ಧ ಗಂಟೆಯಲ್ಲಿ ಮುಗಿದು ಸಾಯಂಕಾಲ ಮನೆಗೆ ಬಂದರು. ನಾಯಿಗೂ ಅಷ್ಟೇ ಅಲ್ವಾ ಅನ್ನುತ್ತಾರೆ. ನಮ್ಮ ಯಜಮಾನರಿಗೆ ಅನಸ್ತೇಷಿಯಾ ಭಯ, ಸಕ್ಕರೆ ಕಾಯಿಲೆ ಇರುವ ನಾಯಿ, ವಯಸ್ಸೂ ಆಗಿದೆ, ಏಳದೇ ಹೋದರೆ ಅಂತ. ಪಕ್ಕದ ಮನೆಯವರು ನಂದಿಬಟ್ಟಲು ಹೂವಿನ ರಸ ಬಿಡಿ, ಪೊರೆ ಕರಗುತ್ತದೆ ಅಂದರು. ಬಿಟ್ಟಿಲ್ಲ, ಧೈರ್ಯ ಬರಲಿಲ್ಲ.

ಮಾಡಿಸಿದವರು ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ. ಮುಂಚೆ ಏನೇನು ಪರೀಕ್ಷೆ, ಆಪರೇಷನ್ ದಿನ ಹೇಗಿರುತ್ತದೆ, ಆಮೇಲೆ ಎಷ್ಟು ದಿನ ನೋಡಿಕೊಳ್ಳಬೇಕು, ಖರ್ಚು ಎಲ್ಲೆಲ್ಲಿ ಬರುತ್ತದೆ, ನಿಜವಾಗಿ ಕಣ್ಣು ಬರುತ್ತದಾ. ನಾನು ಕೆಲಸಕ್ಕೆ ಹೋಗುವವಳು, ಅದನ್ನೂ ಯೋಚನೆ ಮಾಡಬೇಕು.


ರಾಜಿ_ಬಸವನಗುಡಿ

ಚಿನ್ನಿ ಅಮ್ಮ, ನಮ್ಮ ಬ್ರೂನೋಗೆ ಎರಡು ವರ್ಷದ ಹಿಂದೆ ಎರಡೂ ಕಣ್ಣಿಗೆ ಮಾಡಿಸಿದೆವು. ಕಾಕರ್ ಸ್ಪ್ಯಾನಿಯಲ್, ಆಗ 7 ವರ್ಷ. ಅವನಿಗೆ ಸಕ್ಕರೆ ಇರಲಿಲ್ಲ, ಆ ಜಾತಿಗೇ ಪೊರೆ ಬರುವುದು ಜಾಸ್ತಿಯಂತೆ. ನಮಗೆ ಮುಂಚೆ ಯಾರೂ ಹೇಳದೇ ಇದ್ದದ್ದನ್ನೆಲ್ಲ ಬರೆಯುತ್ತೇನೆ, ಉದ್ದ ಆಗುತ್ತದೆ, ಓದಿ.

ಮೊದಲನೇ ಸಲ ಹೋದಾಗ ಅರ್ಧ ದಿನ ಬರೀ ಪರೀಕ್ಷೆಗೇ ಹೋಯಿತು. ರೆಪ್ಪೆಯೊಳಗೆ ಒಂದು ಕಾಗದದ ಪಟ್ಟಿ ಸಿಕ್ಕಿಸಿ 1 ನಿಮಿಷ ಬಿಟ್ಟು ಕಣ್ಣೀರು ಎಷ್ಟು ಬರುತ್ತದೆ ನೋಡಿದರು. ಪೆನ್ನಿನಂಥ ಒಂದು ಉಪಕರಣವನ್ನು ಕಣ್ಣಿಗೆ ಮುಟ್ಟಿಸಿ ಮುಟ್ಟಿಸಿ ತೆಗೆದು ಪ್ರೆಷರ್ ನೋಡಿದರು. ಕಣ್ಣಿನ ಸ್ಕ್ಯಾನಿಂಗ್ ಮಾಡಿದರು. ಆಮೇಲೆ ಇಆರ್‌ಜಿ ಅಂತ ಒಂದು ಪರೀಕ್ಷೆ, ಹೃದಯಕ್ಕೆ ಇಸಿಜಿ ಮಾಡುವ ಹಾಗೆ ಕಣ್ಣಿಗೆ. ಪೊರೆಯ ಹಿಂದೆ ರೆಟಿನಾ, ಅಂದರೆ ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪದರ, ಜೀವಂತ ಇದೆಯಾ ಅಂತ ತಿಳಿಯುವುದಕ್ಕೆ. ಇದನ್ನು ಮಾಡದೇ ನೇರ ಆಪರೇಷನ್‌ಗೆ ತಾರೀಕು ಕೊಡುವವರಿದ್ದರೆ ಇನ್ನೊಂದು ಕಡೆ ಕೇಳಿ. ನಮಗೆ ಒಂದು ಕಡೆ ಹಾಗೇ ತಾರೀಕು ಕೊಟ್ಟಿದ್ದರು, ನಾವು ವಾಪಸ್ ಬಂದೆವು, ಅದು ಒಳ್ಳೆಯದೇ ಆಯಿತು. ಹಲ್ಲು, ಕಿವಿ, ಚರ್ಮ ಎಲ್ಲಾ ನೋಡಿದರು. ಬ್ರೂನೋ ಕಿವಿಯಲ್ಲಿ ಸೋಂಕು ಇತ್ತು, ಅದು ವಾಸಿ ಆಗುವ ತನಕ ಮೂರು ವಾರ ಮುಂದೆ ಹಾಕಿದರು. ಆಗ ಬೇಜಾರಾಗಿತ್ತು. ದೇಹದಲ್ಲಿ ಎಲ್ಲೇ ಸೋಂಕಿದ್ದರೂ ಕಣ್ಣೊಳಗೆ ಕೈ ಹಾಕುವುದು ಅಪಾಯ ಅಂತ ಆಮೇಲೆ ಅರ್ಥವಾಯಿತು.

ಹನಿಗಳು ಆಪರೇಷನ್‌ಗೆ ಮುಂಚೆಯೇ ಶುರುವಾಗುತ್ತವೆ. ಇದು ನಿಮಗೆ ತುಂಬಾ ಮುಖ್ಯ. ನಮ್ಮಲ್ಲಿ ಒಂದು ವಾರ ಮುಂಚೆಯೇ ಕೊಟ್ಟರು, ನಾವು ಆ ವಾರವನ್ನೇ ಅಭ್ಯಾಸಕ್ಕೆ ಬಳಸಿಕೊಂಡೆವು. ಹಿಂದಿನಿಂದ ತಬ್ಬಿ ಕೂತು, ಗದ್ದ ಮೇಲೆತ್ತಿ, ಬಾಟಲಿಯನ್ನು ಮುಂದಿನಿಂದ ತರದೇ ತಲೆಯ ಮೇಲಿನಿಂದ ತಂದು, ಒಂದೇ ಹನಿ. ಬಾಟಲಿ ತುದಿ ಕಣ್ಣಿಗೆ ತಾಗಬಾರದು. ಪ್ರತಿ ಸಲವೂ ಒಂದು ಚೂರು ಬೇಯಿಸಿದ ಕೋಳಿ ಕೊಡುತ್ತಿದ್ದೆವು. ನಿಮ್ಮ ಚಿನ್ನಿಗೆ ಸಕ್ಕರೆ ಇರುವುದರಿಂದ ಏನು ಕೊಡಬಹುದು ಅಂತ ಡಾಕ್ಟರನ್ನೇ ಕೇಳಿ.

ಆಪರೇಷನ್ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋದೆವು. ಒಳಗಿದ್ದದ್ದು ಎಲ್ಲಾ ಸೇರಿ ಮೂರು ನಾಲ್ಕು ಗಂಟೆ, ಅದರಲ್ಲಿ ಆಪರೇಷನ್ನೇ ಅಂದರೆ ಸುಮಾರು ಒಂದು ಗಂಟೆ. ಎರಡೂ ಕಣ್ಣಿಗೆ ಒಂದೇ ಸಲ ಮಾಡಿದರು, ಎರಡೆರಡು ಸಲ ಅನಸ್ತೇಷಿಯಾ ಬೇಡ ಅಂತ. ಹೊರಗೆ ಕರೆತಂದಾಗ ಅವನನ್ನು ನೋಡಿ ನನಗೆ ಅಳು ಬಂತು. ಕಣ್ಣು ಕೆಂಡದ ಹಾಗೆ ಕೆಂಪಗೆ, ಸುತ್ತ ಕೂದಲು ಬೋಳಿಸಿದ್ದಾರೆ, ಕಣ್ಣು ಕೆರೆದುಕೊಳ್ಳದ ಹಾಗೆ ಕುತ್ತಿಗೆಗೆ ದೊಡ್ಡ ಕೋನ್. ಅನಸ್ತೇಷಿಯಾ ಇಳಿಯುವಾಗ ಒಂದೇ ಸಮನೆ ಕುಂಯ್‌ಗುಟ್ಟುತ್ತಿದ್ದ. ನೋವಿಗೆ ಅಂದುಕೊಂಡೆ. ಔಷಧಿಯ ಮಂಪರಿನಲ್ಲಿ ಗೊತ್ತಾಗದೇ ಹಾಗೆ ಕೂಗುತ್ತವೆ ಅಂತ ನರ್ಸ್ ಹೇಳಿದರು. ನಿಜ, ರಾತ್ರಿ ಹೊತ್ತಿಗೆ ಸುಮ್ನೆ ಮಲಗಿದ. ಇದನ್ನು ಮುಂಚೆಯೇ ಗೊತ್ತಿಟ್ಟುಕೊಂಡು ಹೋಗಿ, ಎದೆ ಒಡೆದುಕೊಳ್ಳಬೇಡಿ.

ಮಾರನೇ ದಿನವೇ ಮತ್ತೆ ಕರೆಸಿ ಕಣ್ಣಿನ ಪ್ರೆಷರ್ ನೋಡಿದರು. ಮೊದಲ 24 ಗಂಟೆಯಲ್ಲಿ ಅದು ಏರುವುದು ಜಾಸ್ತಿಯಂತೆ. ನೀವು ಮೈಸೂರಿನವರು, ಆದ್ದರಿಂದ ಆ ರಾತ್ರಿ ಬೆಂಗಳೂರಿನಲ್ಲೇ ಯಾರಾದರೂ ನೆಂಟರ ಮನೆಯಲ್ಲಿ ಇಳಿದುಕೊಳ್ಳುವ ಹಾಗೆ ನೋಡಿ. ಆಮೇಲೆ ಒಂದು ವಾರಕ್ಕೆ, ಮೂರು ವಾರಕ್ಕೆ, ಆರು ವಾರಕ್ಕೆ, ಮೂರು ತಿಂಗಳಿಗೆ.

ಇನ್ನು ಹನಿಗಳು. ನಾಲ್ಕು ಬಾಟಲಿ. ಕೆಲವು ದಿನಕ್ಕೆ 4 ಸಲ, ಕೆಲವು 3 ಅಥವಾ 2 ಸಲ. ಒಂದು ಹನಿಗೂ ಇನ್ನೊಂದಕ್ಕೂ ನಡುವೆ 5ರಿಂದ 10 ನಿಮಿಷ ಬಿಡಬೇಕು, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದು ಹಾಕುತ್ತದೆ. ಅಂದರೆ ಒಂದು ಸುತ್ತಿಗೆ ಮುಕ್ಕಾಲು ಗಂಟೆ ಅಂತ ಇಟ್ಟುಕೊಳ್ಳಿ. ನಾವು ಕ್ಯಾಲೆಂಡರ್‌ನ ಹಳೇ ಹಾಳೆ ತಿರುಗಿಸಿ, ಗಂಟೆ ಬರೆದು, ಫ್ರಿಜ್ ಬಾಗಿಲಿಗೆ ಅಂಟಿಸಿ, ಹಾಕಿದವರು ಟಿಕ್ ಮಾಡಬೇಕು ಅಂತ ಮಾಡಿಕೊಂಡೆವು. ಬಾಟಲಿ ಮುಚ್ಚಳಗಳಿಗೆ ಬಣ್ಣದ ಟೇಪ್. ಮೊದಲ ಎರಡು ವಾರ ನಾನು ರಜ ಹಾಕಿದ್ದೆ. ಆಮೇಲೆ ಅಪ್ಪ ಮಧ್ಯಾಹ್ನದ ಸುತ್ತು ಹೊತ್ತುಕೊಂಡರು. ನೀವು ಕೆಲಸಕ್ಕೆ ಹೋಗುವವರು, ಮಧ್ಯಾಹ್ನ ಯಾರು ಹಾಕುತ್ತಾರೆ ಅನ್ನುವುದು ಮೊದಲು ತೀರ್ಮಾನ ಆಗಲಿ, ಆಮೇಲೆ ತಾರೀಕು ತೆಗೆದುಕೊಳ್ಳಿ. ನಮಗೆ ಒಂದನ್ನು ಬಿಟ್ಟು ಉಳಿದ ಹನಿ ಕಡಿಮೆ ಆಗುತ್ತಾ ಬಂದು ನಿಲ್ಲುವುದಕ್ಕೆ ಆರು ತಿಂಗಳಾಯಿತು. ಒಂದು ಹನಿ ಈಗಲೂ ದಿನಕ್ಕೆ ಒಂದು ಸಲ ಇದೆ, ಅದು ಕೊನೆಯವರೆಗೂ ಇರಬಹುದು ಅಂದಿದ್ದಾರೆ.

ಕೋನ್ ಮೂರು ವಾರ. ಬಾಗಿಲು, ಕುರ್ಚಿ, ನೀರಿನ ಬಟ್ಟಲು ಎಲ್ಲಕ್ಕೂ ಬಡಿಯುತ್ತದೆ. ಪಾಪ ಅಂತ ಐದು ನಿಮಿಷ ಬಿಚ್ಚಬೇಡಿ, ಒಂದು ಸಲ ಕಾಲಲ್ಲಿ ಕೆರೆದುಕೊಂಡರೆ ಹೊಲಿಗೆ ಹೋಗುತ್ತದೆ. ಊಟದ ಬಟ್ಟಲನ್ನು ಮಣೆಯ ಮೇಲಿಟ್ಟು ಎತ್ತರ ಮಾಡಿ. ವಾಕಿಂಗ್‌ಗೆ ಕುತ್ತಿಗೆ ಪಟ್ಟಿ ಬೇಡ, ಎದೆಗೆ ಹಾಕುವ ಹಾರ್ನೆಸ್ ತೆಗೆದುಕೊಳ್ಳಿ. ಕುತ್ತಿಗೆ ಎಳೆದರೆ ಕಣ್ಣಿನ ಪ್ರೆಷರ್ ಏರುತ್ತದೆ. ಮಂಚ, ಸೋಫಾ ಹತ್ತುವುದು ಇಳಿಯುವುದು ಪೂರ್ತಿ ಬಂದ್. ಸ್ನಾನವೂ ಇಲ್ಲ. ಇನ್ನೊಂದು ಮಾತು, ದೀಪಾವಳಿ ಹತ್ತಿರ ತಾರೀಕು ಇಟ್ಟುಕೊಳ್ಳಬೇಡಿ. ಪಟಾಕಿ ಸದ್ದಿಗೆ ಬೆದರಿ ಮಂಚದ ಕೆಳಗೆ ನುಗ್ಗಿದರೆ ಮಾಡಿದ್ದೆಲ್ಲಾ ಹೋಗುತ್ತದೆ.

ಕಣ್ಣು ಬಂತಾ ಅಂದರೆ, ಬಂತು. ಹತ್ತನೇ ದಿನ ಇರಬೇಕು, ಸಾಯಂಕಾಲ ಟ್ಯೂಬ್‌ಲೈಟ್ ಪಕ್ಕ ಒಂದು ಹಲ್ಲಿ ಇತ್ತು. ಬ್ರೂನೋ ಕೋನ್ ಸಮೇತ ತಲೆ ಎತ್ತಿ ಅದನ್ನೇ ನೋಡುತ್ತಾ ನಿಂತಿದ್ದ. ಹಲ್ಲಿ ಸರಿಯಿತು, ಅವನ ತಲೆಯೂ ಸರಿಯಿತು. ಒಂದೂವರೆ ವರ್ಷದಿಂದ ಅವನು ಹಲ್ಲಿ ನೋಡಿರಲಿಲ್ಲ.


ಪಶುವೈದ್ಯ_ಹಾಸನ

ನಾನು ಕಣ್ಣಿನ ತಜ್ಞ ಅಲ್ಲ, ಸಾಮಾನ್ಯ ಪಶುವೈದ್ಯ. ಇಂಥ ಕೇಸುಗಳನ್ನು ಕಳಿಸುವವನು ಮತ್ತು ವಾಪಸ್ ಬಂದ ಮೇಲೆ ನೋಡಿಕೊಳ್ಳುವವನು. ರಾಜಿಯವರು ಬರೆದದ್ದು ತುಂಬಾ ಚೆನ್ನಾಗಿದೆ. ಅವರು ಬಿಟ್ಟದ್ದನ್ನು ಮಾತ್ರ ಹೇಳುತ್ತೇನೆ.

ಮೇಡಂ, ಮೊದಲು ನಂದಿಬಟ್ಟಲು. ಬಿಡದೇ ಇದ್ದದ್ದು ಸರಿ ಮಾಡಿದಿರಿ. ಪೊರೆ ಕಣ್ಣಿನ ಮೇಲಿರುವ ಪದರ ಅಲ್ಲ. ಒಳಗಿರುವ ಲೆನ್ಸೇ ಬೆಳ್ಳಗಾಗಿರುವುದು. ಹೂವಿನ ರಸ, ಜೇನುತುಪ್ಪ, ಹರಳೆಣ್ಣೆ ಯಾವುದೂ ಅಲ್ಲಿಗೆ ಹೋಗಿ ಕರಗಿಸುವುದಿಲ್ಲ. ಮೇಲ್ಭಾಗಕ್ಕೆ ಸೋಂಕು ತರಬಹುದು, ಅಷ್ಟೇ.

ಸಕ್ಕರೆ ಕಾಯಿಲೆ ನಾಯಿಗಳಲ್ಲಿ ಇದು ಯಾಕಿಷ್ಟು ಬೇಗ ಆಗುತ್ತದೆ ಅಂದರೆ, ರಕ್ತದಲ್ಲಿ ಹೆಚ್ಚಾದ ಗ್ಲೂಕೋಸ್ ಲೆನ್ಸ್ ಒಳಗೆ ಹೋಗಿ ಸಾರ್ಬಿಟಾಲ್ ಅನ್ನುವ ಸಕ್ಕರೆಯಾಗಿ ಬದಲಾಗುತ್ತದೆ. ಅದು ಹೊರಗೆ ಬರುವುದಿಲ್ಲ, ನೀರನ್ನು ಒಳಗೆ ಎಳೆಯುತ್ತದೆ. ನೆನೆಸಿಟ್ಟ ಕಡಲೆ ಉಬ್ಬುವ ಹಾಗೆ ಲೆನ್ಸ್ ಉಬ್ಬುತ್ತದೆ. ಹೆಚ್ಚಿನ ಸಕ್ಕರೆ ಕಾಯಿಲೆ ನಾಯಿಗಳಿಗೆ ಕಾಯಿಲೆ ಗೊತ್ತಾದ ವರ್ಷ ಒಂದೂವರೆ ವರ್ಷದೊಳಗೆ ಪೊರೆ ಬರುತ್ತದೆ. ನೀವು ಸಕ್ಕರೆ ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ಅಲ್ಲ, ಚೆನ್ನಾಗಿ ನೋಡಿಕೊಂಡರೂ ಬರುತ್ತದೆ. ಬೆಕ್ಕುಗಳಿಗೆ ಹೀಗಾಗುವುದು ಅಪರೂಪ.

ತಡ ಮಾಡಬೇಡಿ ಅಂತ ನಿಮ್ಮ ಡಾಕ್ಟರು ಹೇಳಿದ್ದಕ್ಕೆ ಕಾರಣ ಇದೆ. ಉಬ್ಬಿದ ಲೆನ್ಸನ್ನು ಸುತ್ತಿರುವ ತೆಳು ಚೀಲ ಸೀಳಬಹುದು. ಸೀಳದಿದ್ದರೂ ಬೆಳೆದ ಪೊರೆಯಿಂದ ಪ್ರೋಟೀನ್ ಸೋರಿ ಕಣ್ಣೊಳಗೆ ಉರಿಯೂತ ಆಗುತ್ತದೆ. ಕಣ್ಣು ಕೆಂಪಾಗುವುದು, ಬೆಳಕಿಗೆ ಕಣ್ಣು ಕಿರಿದು ಮಾಡುವುದು, ನೀರು ಸೋರುವುದು. ಇದು ಎಳೆಯುತ್ತಾ ಹೋದರೆ ಗ್ಲಾಕೋಮಾಗೆ, ಅಂದರೆ ಕಣ್ಣಿನ ಪ್ರೆಷರ್ ಏರಿ ದೃಷ್ಟಿ ಹಾಳಾಗುವುದಕ್ಕೆ, ದಾರಿ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಆಪರೇಷನ್ ಬೇಡ ಅಂತ ತೀರ್ಮಾನಿಸಿದರೂ ಉರಿಯೂತ ತಗ್ಗಿಸುವ ಹನಿ, ವರ್ಷಕ್ಕೆ ಎರಡು ಮೂರು ಸಲ ಪ್ರೆಷರ್ ಪರೀಕ್ಷೆ ತಪ್ಪುವ ಹಾಗಿಲ್ಲ. ಪೊರೆ ತಾನೇ, ಇದ್ದರೆ ಇರಲಿ ಅಂತ ಬಿಟ್ಟು, ಕೊನೆಗೆ ಕಣ್ಣು ಗುಡ್ಡೆ ದಪ್ಪಗಾಗಿ ನೋವಿನಲ್ಲಿ ಬರುವ ನಾಯಿಗಳನ್ನು ನೋಡಿದಾಗ ತುಂಬಾ ಸಂಕಟ ಆಗುತ್ತದೆ.

ನಿಮ್ಮ ಅತ್ತೆಯವರ ಮಾತಿಗೆ. ವಿಧಾನ ಒಂದೇ, ಫೇಕೋ. ಸಣ್ಣ ಸೂಜಿಯಂಥ ತುದಿ ವೇಗವಾಗಿ ಕಂಪಿಸಿ ಲೆನ್ಸನ್ನು ಪುಡಿ ಮಾಡಿ ಹೀರಿಕೊಳ್ಳುತ್ತದೆ. ಅಮೆರಿಕದ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಮನುಷ್ಯರಿಗೆ ಇದನ್ನು ಶುರು ಮಾಡಿದರು, ಹಲ್ಲಿನ ಡಾಕ್ಟರು ಹಲ್ಲು ಕ್ಲೀನ್ ಮಾಡುವ ಯಂತ್ರ ನೋಡಿ ಅವರಿಗೆ ಹೊಳೆದದ್ದು. ಆದರೆ ನಾಯಿಯ ಲೆನ್ಸ್ ದೊಡ್ಡದು. ಮನುಷ್ಯರದು ಸುಮಾರು 4 ಮಿಲಿಮೀಟರ್ ದಪ್ಪ ಇದ್ದರೆ ನಾಯಿಯದು 7ರ ಹತ್ತಿರ. ನಾಯಿ ಕಣ್ಣು ಮುಟ್ಟಿದರೆ ಸಾಕು, ಮನುಷ್ಯರ ಕಣ್ಣಿಗಿಂತ ಬಹಳ ಹೆಚ್ಚು ಉರಿಯೂತ ತೋರಿಸುತ್ತದೆ. ಅಲ್ಲದೇ ಅಲ್ಲಾಡಬೇಡ ಅಂದರೆ ಅತ್ತೆಯವರು ಅಲ್ಲಾಡುವುದಿಲ್ಲ, ಚಿನ್ನಿ ಕೇಳುವುದಿಲ್ಲ. ಅದಕ್ಕೆ ಪೂರ್ತಿ ಅನಸ್ತೇಷಿಯಾ ಬೇಕೇ ಬೇಕು. ಕಣ್ಣು ನಡುವಿನಲ್ಲಿ ಸ್ಥಿರವಾಗಿ ನಿಲ್ಲಲಿ ಅಂತ ಸ್ನಾಯು ಸಡಿಲಿಸುವ ಔಷಧಿಯನ್ನೂ ಕೊಡುವುದರಿಂದ ಉಸಿರಾಟವನ್ನು ಯಂತ್ರದಿಂದ ನಡೆಸುತ್ತಾರೆ. ಅನಸ್ತೇಷಿಯಾ ಯಾರು ಕೊಡುತ್ತಾರೆ, ಆಪರೇಷನ್ ಮುಗಿಯುವ ತನಕ ಅದೊಂದನ್ನೇ ನೋಡುವವರು ಬೇರೆ ಇರುತ್ತಾರಾ ಅಂತ ಕೇಳಿ. ಈ ಪ್ರಶ್ನೆ ಕೇಳಿದರೆ ಒಳ್ಳೆಯ ಡಾಕ್ಟರು ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಯಜಮಾನರ ಭಯಕ್ಕೆ ಉತ್ತರವೂ ಅಲ್ಲೇ ಸಿಗುತ್ತದೆ. ಸಕ್ಕರೆ ಹತೋಟಿಯಲ್ಲಿದ್ದು, ರಕ್ತ ಪರೀಕ್ಷೆ, ಕಿಡ್ನಿ, ಹೃದಯ ಸರಿ ಇದ್ದರೆ 9 ವರ್ಷ ಅನ್ನುವುದೊಂದೇ ತಡೆ ಅಲ್ಲ. ಆ ದಿನ ಬೆಳಿಗ್ಗೆ ಇನ್ಸುಲಿನ್ ಎಷ್ಟು ಕೊಡಬೇಕು ಅನ್ನುವುದನ್ನು ಅವರಿಂದ ಬರೆಸಿಕೊಳ್ಳಿ. ಊಟ ಇಲ್ಲದೇ ಪೂರ್ತಿ ಡೋಸ್ ಕೊಟ್ಟರೆ ಸಕ್ಕರೆ ಕುಸಿಯುತ್ತದೆ.

ಪರೀಕ್ಷೆಯ ಅಂಕಿಗಳನ್ನು ಕೇಳಿ ಬರೆದಿಟ್ಟುಕೊಳ್ಳಿ. ಕಾಗದದ ಪಟ್ಟಿ 1 ನಿಮಿಷಕ್ಕೆ 15 ಮಿಲಿಮೀಟರ್ ಅಥವಾ ಜಾಸ್ತಿ ಒದ್ದೆ ಆಗಬೇಕು. ಕಣ್ಣಿನ ಪ್ರೆಷರ್ ಸುಮಾರು 10ರಿಂದ 25ರೊಳಗೆ. ಪೊರೆ ಕೇಸಿನಲ್ಲಿ ಪ್ರೆಷರ್ ತೀರಾ ಕಡಿಮೆ ಇದ್ದರೆ ಒಳಗೆ ಉರಿಯೂತ ಇದೆ ಅಂತ ಅನುಮಾನ ಪಡಬೇಕು. ಆಪರೇಷನ್ ಆದ ಮೇಲೆ ಊರಿನಲ್ಲಿ ನಮ್ಮಂಥವರು ನೋಡುವಾಗ ಈ ಹಳೇ ಅಂಕಿಗಳು ತುಂಬಾ ಉಪಯೋಗ.

ಫಲಿತಾಂಶ ಹೇಗೆ ಅಂದರೆ, ಸರಿಯಾಗಿ ಪರೀಕ್ಷೆ ಮಾಡಿ ಆರಿಸಿದ ನಾಯಿಗಳಲ್ಲಿ 10ರಲ್ಲಿ 8 ಅಥವಾ 9 ನಾಯಿಗೆ ದೃಷ್ಟಿ ಬರುತ್ತದೆ. ಹಳೇ ಲೆನ್ಸಿನ ಚೀಲದೊಳಗೆ ಹೊಸ ಲೆನ್ಸ್ ಹಾಕುತ್ತಾರೆ, ನಾಯಿಗೆ 41 ಡಯಾಪ್ಟರ್ (ಲೆನ್ಸ್ ಪವರ್‌ನ ಅಳತೆ) ಹತ್ತಿರದ್ದು. ಕೆಲವು ಸಲ ಚೀಲ ಸರಿ ಇಲ್ಲದೇ ಹಾಕಲಾಗುವುದಿಲ್ಲ. ಹಾಕದಿದ್ದರೂ ನಾಯಿ ಓಡಾಡುವಷ್ಟು ಕಾಣುತ್ತದೆ, ಹತ್ತಿರದ್ದು ಮಬ್ಬಾಗಿರುತ್ತದೆ. ಆದ್ದರಿಂದ ಲೆನ್ಸ್ ಹಾಕಲಿಲ್ಲ, ಮೋಸ ಅಂತ ಅಂದುಕೊಳ್ಳಬೇಡಿ. ಉಳಿದ ಒಂದಿಬ್ಬರಿಗೆ ಗ್ಲಾಕೋಮಾ, ರೆಟಿನಾ ಕಳಚುವುದು, ಸೋಂಕು, ಚೀಲ ಮತ್ತೆ ಮಬ್ಬಾಗುವುದು ಇವೆಲ್ಲ ಆಗಬಹುದು. ತಿಂಗಳಲ್ಲೂ ಆಗಬಹುದು, ವರ್ಷಗಳ ಮೇಲೂ ಆಗಬಹುದು. ಕಣ್ಣು ಮುಚ್ಚಿಕೊಳ್ಳುವುದು, ಇದ್ದಕ್ಕಿದ್ದ ಹಾಗೆ ಕೆಂಪಾಗುವುದು, ನೀಲಿ ಮಬ್ಬು, ಊಟ ಬಿಡುವುದು, ಮೂಲೆ ಹಿಡಿದು ಮಲಗುವುದು, ಇದರಲ್ಲಿ ಯಾವುದು ಕಂಡರೂ ನಾಳೆ ನೋಡೋಣ ಅನ್ನಬೇಡಿ. ಗ್ಲಾಕೋಮಾ ಒಂದೆರಡು ದಿನದಲ್ಲಿ ದೃಷ್ಟಿ ಕಿತ್ತುಕೊಳ್ಳುತ್ತದೆ, ಕಿತ್ತುಕೊಂಡರೆ ವಾಪಸ್ ಇಲ್ಲ.

ಖರ್ಚಿನ ಬಗ್ಗೆ ಅಂಕಿ ಹೇಳುವುದಿಲ್ಲ, ಊರಿಂದ ಊರಿಗೆ ಬದಲಾಗುತ್ತದೆ. ಆದರೆ ಎಸ್ಟಿಮೇಟ್ ಕೇಳುವಾಗ ಪರೀಕ್ಷೆ, ಅನಸ್ತೇಷಿಯಾ, ಆಪರೇಷನ್, ಲೆನ್ಸ್, ಆರು ತಿಂಗಳ ಹನಿ, ಚೆಕಪ್‌ಗಳು ಅಂತ ಬೇರೆ ಬೇರೆ ಬರೆಸಿಕೊಳ್ಳಿ. ಹನಿಗಳ ಖರ್ಚನ್ನು ಎಲ್ಲರೂ ಮರೆಯುತ್ತಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಚೆನ್ನೈನ ವೇಪೇರಿಯಲ್ಲಿ 1903ರಲ್ಲಿ ಶುರುವಾದ ಮದ್ರಾಸ್ ಪಶುವೈದ್ಯಕೀಯ ಕಾಲೇಜು ಇದೆ. ಎಲ್ಲಿಗೇ ಹೋಗುವುದಿದ್ದರೂ ಫೇಕೋ ಯಂತ್ರ ಮತ್ತು ಇಆರ್‌ಜಿ ಈಗ ನಡೆಯುತ್ತಿವೆಯಾ ಅಂತ ಮುಂಚೆ ಫೋನ್ ಮಾಡಿ ಕೇಳಿ, ಆಮೇಲೆ ಹೊರಡಿ.

ಬೇರೆ ಓದುವವರಿಗೂ ಒಂದು ಮಾತು. 7, 8 ವರ್ಷ ದಾಟಿದ ನಾಯಿಯ ಕಣ್ಣು ನೀಲಿ ಬೂದು ಆಗಿ ಕಂಡ ಕೂಡಲೇ ಪೊರೆ ಅಂದುಕೊಳ್ಳಬೇಡಿ. ವಯಸ್ಸಿಗೆ ಲೆನ್ಸ್ ಗಟ್ಟಿಯಾಗಿ ಹಾಗೆ ಕಾಣುತ್ತದೆ. ದೃಷ್ಟಿಗೆ ಹೆಚ್ಚು ತೊಂದರೆ ಇರುವುದಿಲ್ಲ, ಆಪರೇಷನ್ ಬೇಕಿಲ್ಲ.


ಪಗ್_ಪ್ರೇಮಿ_ಧಾರವಾಡ

ನಂದು ಪೊರೆ ಕಥೆ ಅಲ್ಲರಿ, ಆದರೂ ಹೇಳಬೇಕು ಅನಿಸಿತು. ನಮ್ಮ ಪಗ್ ಗುಂಡಿ ಕಣ್ಣು ಮುಚ್ಚಿಕೊಂಡು ಕೂತಿದ್ದಳು, ಗೀಜು ಬರುತ್ತಿತ್ತು. ಮನೆಯಲ್ಲಿ ಹಿಂದಿನ ಸಲದ ಹನಿ ಅರ್ಧ ಬಾಟಲಿ ಉಳಿದಿತ್ತು. ಅದನ್ನೇ ನಾನು ಮೂರು ದಿನ ಹಾಕಿದೆ. ಅದರಲ್ಲಿ ಸ್ಟೀರಾಯ್ಡ್ ಇತ್ತು. ಗುಂಡಿಗೆ ಆಗಿದ್ದದ್ದು ಕಣ್ಣಿನ ಮೇಲೆ ಹುಣ್ಣು. ಹುಣ್ಣಿಗೆ ಸ್ಟೀರಾಯ್ಡ್ ಬಿದ್ದರೆ ವಾಸಿ ಆಗುವುದಿಲ್ಲ, ಕೊರೆದುಕೊಂಡು ಹೋಗುತ್ತದೆ. ನಾಲ್ಕನೇ ದಿನ ಡಾಕ್ಟರ ಹತ್ತಿರ ಹೋದಾಗ ಹಸಿರು ಬಣ್ಣದ ಹನಿ ಹಾಕಿ ನೀಲಿ ಲೈಟ್ ಬಿಟ್ಟು ತೋರಿಸಿದರು, ಕಣ್ಣಿನ ನಡುವೆ ದೊಡ್ಡ ಹಸಿರು ಚುಕ್ಕೆ. ಕಣ್ಣಿನ ಪಕ್ಕದ ತೆಳು ಪದರವನ್ನೇ ತಂದು ಹುಣ್ಣಿಗೆ ಹೊಲಿಯುವ ಆಪರೇಷನ್ ಮಾಡೋಣ ಅಂದರು, ಆದರೆ ಮಾರನೇ ದಿನಕ್ಕೆ ಕಣ್ಣು ತೂತಾಗಿಬಿಟ್ಟಿತ್ತು. ಕೊನೆಗೆ ಕಣ್ಣನ್ನೇ ತೆಗೆಯಬೇಕಾಯಿತು.

ತೆಗೆದ ಮೇಲೆ ಏನಾಗುತ್ತದೆ ಅಂತ ಕೇಳುವವರಿಗೆ ಹೇಳುತ್ತೇನೆ. ರೆಪ್ಪೆಗಳನ್ನು ಸೇರಿಸಿ ಹೊಲಿಯುತ್ತಾರೆ. ಎರಡು ಮೂರು ದಿನ ಬಾವು, ಮೂಗಿನಲ್ಲಿ ಸ್ವಲ್ಪ ರಕ್ತ ಬೆರೆತ ನೀರು ಬಂತು, ಅದು ಆಗುತ್ತದೆ ಅಂತ ಮುಂಚೆಯೇ ಹೇಳಿದ್ದರು. ಹನ್ನೆರಡನೇ ದಿನ ಹೊಲಿಗೆ ಬಿಚ್ಚಿದರು. ಅಷ್ಟರಲ್ಲಿ ಅವಳು ಮೊದಲಿನ ಹಾಗೆ ಊಟಕ್ಕೆ ಮುಂಚೆ ನಿಂತು ಕುಣಿಯುತ್ತಿದ್ದಳು. ಅದಕ್ಕೂ ಮುಂಚೆ ಎಷ್ಟು ನೋವಿನಲ್ಲಿ ಇದ್ದಳು ಅನ್ನುವುದು ಆಗ ನಮಗೆ ಗೊತ್ತಾಯಿತು. ಈಗ ಕಣ್ಣಿಲ್ಲದ ಕಡೆಯಿಂದ ಹೋಗುವಾಗ ಮಾತಾಡಿಸಿಕೊಂಡು ಹೋಗುತ್ತೇವೆ, ಇಲ್ಲದಿದ್ದರೆ ಬೆದರುತ್ತಾಳೆ.

ಪಗ್, ಶಿಟ್ಜು ಇರುವವರು ದಯವಿಟ್ಟು ಉಳಿದ ಹನಿ ಹಾಕಬೇಡಿ. ಕಣ್ಣು ಮುಚ್ಚಿದರೆ ಅವತ್ತೇ ತೋರಿಸಿ. ನನ್ನ ಮೂರು ದಿನಕ್ಕೆ ಅವಳ ಒಂದು ಕಣ್ಣು ಹೋಯಿತು, ಇವತ್ತಿಗೂ ಆ ಸಂಕಟ ಹೋಗಿಲ್ಲರಿ.


ಕರಾವಳಿ_ಲ್ಯಾಬ್

ಚಿನ್ನಿ ಅಮ್ಮನವರೇ, ನಾವು ಆಪರೇಷನ್ ಮಾಡಿಸದೇ ವಾಪಸ್ ಬಂದವರು, ಆ ಬದಿಯೂ ನಿಮಗೆ ಗೊತ್ತಿರಲಿ. ನಮ್ಮ ಲ್ಯಾಬ್ರಡಾರ್ ಶೇರುಗೆ ಎರಡೂ ಕಣ್ಣಿಗೆ ಪೊರೆ ಇತ್ತು. ಮಂಗಳೂರಿಂದ ಬೆಂಗಳೂರಿಗೆ ರಾತ್ರಿಯಿಡೀ ಕಾರು ಓಡಿಸಿಕೊಂಡು ಹೋದೆವು. ಇಆರ್‌ಜಿ ಗೆರೆ ಹೆಚ್ಚು ಕಡಿಮೆ ಸಪಾಟು ಬಂತು. ರೆಟಿನಾ ಮುಂಚೆಯೇ ಹೋಗಿತ್ತು, ಪೊರೆ ತೆಗೆದರೂ ಕಾಣುವುದಿಲ್ಲ ಅಂದರು. ಆಮೇಲೆ ಡಾಕ್ಟರು ಕೇಳಿದರು, ಪೊರೆ ಬರುವುದಕ್ಕೆ ಮುಂಚೆ ಕತ್ತಲಲ್ಲಿ ತಡವರಿಸುತ್ತಿದ್ದನಾ ಅಂತ. ಹೌದು, ಎರಡು ವರ್ಷದಿಂದ ಕರೆಂಟ್ ಹೋದರೆ ಅಂಗಳಕ್ಕೆ ಇಳಿಯುತ್ತಿರಲಿಲ್ಲ. ಮಳೆಗೆ ಹೆದರುತ್ತಾನೆ ಅಂದುಕೊಂಡಿದ್ದೆವು. ಚಿನ್ನಿಗೆ ಪೊರೆಗೆ ಮುಂಚೆ ಹಾಗೇನಾದರೂ ಇತ್ತಾ, ಜ್ಞಾಪಿಸಿಕೊಂಡು ಹೋಗಿ ಹೇಳಿ.

ಶೇರು ಮೂರು ವರ್ಷದಿಂದ ಕುರುಡ. ಸಾಮಾನು ಜಾಗ ಬದಲಿಸುವುದಿಲ್ಲ. ಮೆಟ್ಟಿಲ ತುದಿಗೆ ತೆಂಗಿನ ನಾರಿನ ಕಾಲೊರಸು ಹಾಕಿದ್ದೇವೆ, ಕಾಲಿಗೆ ತಾಗಿದ ಕೂಡಲೇ ನಿಲ್ಲುತ್ತಾನೆ. ಬಾವಿಕಟ್ಟೆಗೆ ಜಾಲರಿ ಹಾಕಿಸಿದೆವು. ಮೀನು ಮಾರುವವರ ಗಾಡಿ ಹಾರ್ನ್ ಕೇಳಿದರೆ ಗೇಟಿಗೆ ನಮಗಿಂತ ಮುಂಚೆ ಅವನು. ಉರಿಯೂತದ ಹನಿ ದಿನಾ ನಡೆದಿದೆ, ಡಾಕ್ಟರ್ ಸರ್ ಹೇಳಿದ ಹಾಗೆ. ಒಂದು ವೇಳೆ ನಿಮಗೂ ಆಗುವುದಿಲ್ಲ ಅಂದರೆ, ಅಲ್ಲಿಗೆ ಎಲ್ಲಾ ಮುಗಿಯಿತು ಅಂತ ಅಳಬೇಡಿ.


ಹಟ್ಟಿ_ಮನೆ_ಶಿರಸಿ

ಡಾಕ್ಟ್ರೇ, ನಾಯಿ ಚರ್ಚೆ ನಡುವೆ ದನದ ಪ್ರಶ್ನೆ, ತಪ್ಪು ತಿಳಿಯಬೇಡಿ. ನಮ್ಮ ಎಚ್‌ಎಫ್ ತಳಿಯ ಹಸುವಿನ ಕಣ್ಣಿನ ಮೂಲೆಯಲ್ಲಿ ಕೆಂಪು ಗಂಟು ಬೆಳೆದಿದೆ, ಹೂಕೋಸಿನ ಹಾಗೆ. ಊರಲ್ಲಿ ಹೊಗೆಸೊಪ್ಪಿನ ನೀರು ಉಪ್ಪು ಹಾಕಿ ಅನ್ನುತ್ತಾರೆ. ದನಕ್ಕೂ ಕಣ್ಣಿನ ಆಪರೇಷನ್ ಉಂಟಾ?


ಪಶುವೈದ್ಯ_ಹಾಸನ

ಹೊಗೆಸೊಪ್ಪು, ಉಪ್ಪು ಖಂಡಿತ ಬೇಡ. ನೀವು ಹೇಳುವುದು ಮೂರನೇ ರೆಪ್ಪೆಯ (ದನದ ಕಣ್ಣಿನ ಒಳಮೂಲೆಯಲ್ಲಿರುವ ಇನ್ನೊಂದು ರೆಪ್ಪೆ) ಕ್ಯಾನ್ಸರ್ ಇರಬಹುದು. ಕಣ್ಣಿನ ಸುತ್ತ ಬಿಳಿ ಚರ್ಮ ಇರುವ ದನಗಳಿಗೆ ಬಿಸಿಲಿನಿಂದ ಇದು ಜಾಸ್ತಿ. ನೋಡದೇ ಖಚಿತ ಹೇಳುವುದಿಲ್ಲ. ಚಿಕ್ಕದಿರುವಾಗ ಆ ಭಾಗ ಮಾತ್ರ ಕತ್ತರಿಸಿ ತೆಗೆದರೆ ಕಣ್ಣು ಉಳಿಯುತ್ತದೆ, ಬಿಟ್ಟರೆ ಕಣ್ಣನ್ನೇ ತೆಗೆಯಬೇಕಾಗುತ್ತದೆ. ದನಕ್ಕೆ ಇದನ್ನು ನಿಲ್ಲಿಸಿಯೇ ಮಾಡುತ್ತೇವೆ. ಮಂಪರಿನ ಇಂಜೆಕ್ಷನ್ ಕೊಟ್ಟು, ಕಣ್ಣಿನ ಹಿಂದಿನ ನರಗಳಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ತಲೆ ಬಿಗಿಯಾಗಿ ಕಟ್ಟಿ. ಒಂದು ಕಣ್ಣಿನ ಹಸು ಹಾಲು ಕೊಡುತ್ತದೆ, ಕರು ಹಾಕುತ್ತದೆ, ತೊಂದರೆ ಇಲ್ಲ. ಈ ವಾರವೇ ತಾಲ್ಲೂಕು ಪಶು ಆಸ್ಪತ್ರೆಗೆ ತೋರಿಸಿ.


ಚಿನ್ನಿ_ಮೈಸೂರು

ಎಲ್ಲರಿಗೂ ಮೊದಲು ಕೈ ಮುಗಿಯುತ್ತೇನೆ. ಇಷ್ಟು ದಿನ ಬರೆಯಲು ಆಗಲಿಲ್ಲ.

ರಾಜಿ ಅವರೇ, ನೀವು ಹೇಳಿದ ಹಾಗೆ ಮೊದಲು ಮಧ್ಯಾಹ್ನದ ಹನಿಯ ತೀರ್ಮಾನ ಮಾಡಿದೆವು. ನಮ್ಮ ಅತ್ತೆ ನಾನು ಹಾಕುತ್ತೇನೆ ಅಂದರು. ತಮ್ಮ ಕಣ್ಣಿಗೆ ತಾವೇ ಹನಿ ಹಾಕಿಕೊಂಡು ಅಭ್ಯಾಸ ಆಗಿದೆ, ಅದರ ಕಷ್ಟ ಗೊತ್ತು ಅಂತ. ಶೇರು ಅವರೇ, ನಿಮ್ಮ ಮಾತು ಓದಿ ಇಆರ್‌ಜಿ ದಿನ ಎದೆ ಹೊಡೆದುಕೊಳ್ಳುತ್ತಿತ್ತು. ರೆಟಿನಾ ಚೆನ್ನಾಗಿದೆ ಅಂದರು. ಎಡಗಣ್ಣಿನಲ್ಲಿ ಉರಿಯೂತ ಶುರುವಾಗಿತ್ತು, ಅದಕ್ಕೆ ಹತ್ತು ದಿನ ಹನಿ ಕೊಟ್ಟು ಆಮೇಲೆ ತಾರೀಕು ಕೊಟ್ಟರು. ಅನಸ್ತೇಷಿಯಾ ಪ್ರಶ್ನೆಯನ್ನು ನಮ್ಮ ಯಜಮಾನರೇ ಕೇಳಿದರು. ಅದಕ್ಕೇ ಅಂತ ಬೇರೆ ಡಾಕ್ಟರು ಇದ್ದರು, ಹತ್ತು ನಿಮಿಷ ಕೂತು ವಿವರಿಸಿದರು, ಇವರ ಮುಖ ಸಡಿಲವಾಯಿತು.

ಆಪರೇಷನ್ ಆಗಿ ಇವತ್ತಿಗೆ 16 ದಿನ. ಬಲಗಣ್ಣಿಗೆ ಲೆನ್ಸ್ ಹಾಕಿದರು, ಎಡಗಣ್ಣಿನ ಚೀಲ ಸಡಿಲ ಇತ್ತು ಅಂತ ಹಾಕಲಿಲ್ಲ. ಡಾಕ್ಟರ್ ಸರ್ ಮುಂಚೆಯೇ ಬರೆದಿದ್ದರಿಂದ ನಮಗೆ ಗಾಬರಿ ಆಗಲಿಲ್ಲ. ಮಾರನೇ ದಿನ ಬೆಳಿಗ್ಗೆ ಎಡಗಣ್ಣಿನ ಪ್ರೆಷರ್ 34ಕ್ಕೆ ಏರಿತ್ತು. ಅಲ್ಲೇ ಹನಿ ಹಾಕಿ ಎರಡು ಗಂಟೆ ಕೂರಿಸಿ ಮತ್ತೆ ನೋಡಿದರು, 19ಕ್ಕೆ ಇಳಿಯಿತು. ಅವತ್ತು ರಾತ್ರಿಯೇ ಮೈಸೂರಿಗೆ ಹೊರಟುಬಿಟ್ಟಿದ್ದರೆ ಏನಾಗುತ್ತಿತ್ತೋ. ಜಯನಗರದಲ್ಲಿ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದೆವು. ಸಕ್ಕರೆ ಒಂದು ವಾರ ಏರುಪೇರು ಆಯಿತು, ಈಗ ಸರಿ ಹೋಗುತ್ತಿದೆ.

ನಿನ್ನೆ ಬೆಳಿಗ್ಗೆ ಅತ್ತೆ ಹಿತ್ತಿಲಲ್ಲಿ ಕಾಗೆಗೆ ಅನ್ನ ಇಟ್ಟಿದ್ದರು. ಚಿನ್ನಿ ಅಡುಗೆಮನೆ ಬಾಗಿಲಲ್ಲಿ ಕೂತಿದ್ದಳು. ಕಾಗೆ ಸದ್ದಿಲ್ಲದೇ ಬಂದು ಗೋಡೆ ಮೇಲೆ ಕೂತಿತು, ಇನ್ನೂ ಕಾ ಅಂದಿರಲಿಲ್ಲ. ಇವಳು ಎದ್ದು ನಿಂತು ಬೊಗಳಿದಳು. ಅತ್ತೆ ಒಳಗೆ ಬಂದು, ನೋಡಿದಳು ಕಣೇ, ನೋಡಿಯೇ ಬೊಗಳಿದಳು ಅಂತ ಎರಡು ಮೂರು ಸಲ ಹೇಳಿದರು.

ಕೋನ್ ಇನ್ನೂ ಐದು ದಿನ ಇದೆ. ಬೋಳಿಸಿದ ಕಡೆ ಕೂದಲು ಬರುವುದಕ್ಕೆ ಬ್ರೂನೋಗೆ ಎಷ್ಟು ದಿನ ಹಿಡಿಯಿತು ರಾಜಿ ಅವರೇ? ಅಲ್ಲಿ ತುರಿಸಿಕೊಳ್ಳಲು ನೋಡುತ್ತಾಳೆ. ಬಿಡುವಾದಾಗ ಹೇಳಿ. 8 ಗಂಟೆ ಹನಿಯ ಹೊತ್ತಾಯಿತು, ಬರುತ್ತೇನೆ.